ಬಲತೋಳಿಗೆ ಕೊಡಿ, ಸಿಸ್ಟರ್

ಸೆಪ್ಟೆಂಬರ್ 4

ಶ್ರೀಮತ್ಸಕಲ ಸೂಚೀಸಾಮ್ರಾಜ್ಯ ಚಕ್ರವರ್ತಿನಿ, ಬಾಲರೋದನ ಭಯಂಕರಿ, ಹತ್ತಿಯುಂಡೆ ಹಸ್ತಾಭರಣೆ, ‘ಇರುವೆ ಕಚ್ಚಿದ ಹಾಗಷ್ಟೇ’ ಎಂಬ ಮಹಾಸುಳ್ಳನ್ನು ಮುಖದ ಒಂದು ಗೆರೆಯೂ ಅಲುಗದಂತೆ ಇಷ್ಟು ವರ್ಷ ಹೇಳಿಕೊಂಡು ಬಂದ ಸತ್ಯವ್ರತೆ, ನನ್ನ ಏಕಮಾತ್ರ ಚಿಕ್ಕಮ್ಮನವರ ದಿವ್ಯ ಸನ್ನಿಧಾನಕ್ಕೆ,

ತಮ್ಮ ಅಕ್ಕನ ಮಗನೂ, ವಂಶಕ್ಕೆ ಇವನೊಬ್ಬ ಸಾಕು ಎಂದು ಎಲ್ಲರಿಂದ ಹೊಗಳಿಸಿಕೊಂಡವನೂ ಆದ ಈ ತರಲೆಯು ಅಡ್ಡಬಿದ್ದು (ಕುರ್ಚಿಯಿಂದ, ಅದರ ಒಂದು ಕಾಲು ಗಿಡ್ಡ) ಅರಿಕೆ ಮಾಡಿಕೊಳ್ಳುವುದೇನೆಂದರೆ: ಕೆಲಸ ಸಿಕ್ಕಿತು.

ನಗಬಾರದು. ಸರ್ಕಾರಿ ಕಚೇರಿ. ನನ್ನದೇ ಮೇಜು, ನನ್ನದೇ ಕಂಪ್ಯೂಟರ್, ಮೇಲೆ ಹೇಳಿದ ಕುರ್ಚಿ. ಲಸಿಕೆ ಹಾಕಿಸಿಕೊಂಡ ಮೇಲೆ ಯಾರಿಗೆ ಏನೇ ಆಗಲಿ, ನಮಗೆ ಬರೆದು ತಿಳಿಸಬಹುದು. ಡಾಕ್ಟರು, ನರ್ಸು, ಔಷಧ ಕಂಪನಿ, ಹಾಕಿಸಿಕೊಂಡವರು, ಹಾಕಿಸಿಕೊಂಡವರ ಭಾವಮೈದ, ಯಾರು ಬೇಕಾದರೂ. ಹಾಗೆ ಬಂದ ವರದಿಗಳನ್ನು ಓದಿ, ಇದು ಜ್ವರ, ಇದು ತುರಿಕೆ, ಇದು ತಲೆಸುತ್ತು ಎಂದು ಖಾನೆಗೆ ಹಾಕುವ ಘನಕಾರ್ಯ ನನ್ನದು. ತಾವು ಚುಚ್ಚುತ್ತೀರಿ, ನಾನು ‘ಅಯ್ಯೋ’ಗಳನ್ನು ಎಣಿಸುತ್ತೇನೆ. ಮನೆತನದ ಕಸುಬು ಕೈಬಿಟ್ಟಿಲ್ಲ.

ಯಾರದೆಂದು ಹೇಳುವಂತಿಲ್ಲ, ಆದರೆ ಏನೇನು ಬರುತ್ತದೆ ಎಂದರೆ! ಲಸಿಕೆಯಾದ ಮೇಲೆ ನಮ್ಮ ಬೆಕ್ಕು ನನ್ನ ಮಡಿಲಿಗೆ ಬರುತ್ತಿಲ್ಲ ಎಂದು ಒಬ್ಬರು. ಲಸಿಕೆಯಾದ ಮೇಲೆ ಯಜಮಾನರ ಗೊರಕೆ ನಿಂತಿದೆ, ಇನ್ನೊಂದು ಡೋಸ್ ಯಾವಾಗ ಎಂದು ಒಬ್ಬರು. ನಾನು ಬಿದ್ದು ಬಿದ್ದು ನಕ್ಕೆ. ನಮ್ಮ ಡಾಕ್ಟರ್ ಮೇಡಂ ಹಿಂದೆಯೇ ನಿಂತಿದ್ದರು.

“ನಗು, ಬೇಡ ಅನ್ನಲ್ಲ. ಆದ್ರೆ ಒಂದನ್ನೂ ಎಸೀಬೇಡ. ಬಲೆ ಎಳೆದ್ರೆ ಚಪ್ಪಲಿನೂ ಬರುತ್ತೆ, ಮೀನೂ ಬರುತ್ತೆ. ಯಾವುದು ಏನು ಅಂತ ನೋಡೋದಕ್ಕೆ ಆಮೇಲೆ ಜನ ಇದ್ದಾರೆ.”

ಪಕ್ಕದ ಮೇಜಿನ ಅಕ್ಕ ತಲೆ ಎತ್ತದೆ ಹೇಳಿದಳು: “ಬೆಕ್ಕಿಗೆ ಯಾವ ಖಾನೆ ಅಂತ ಅರ್ಧ ಗಂಟೆಯಿಂದ ಹುಡುಕ್ತಿದ್ದಾನೆ ಮೇಡಂ.” ಹನ್ನೊಂದು ವರ್ಷ ಇದೇ ಕೆಲಸ ಮಾಡಿದವಳು ಅವಳು. ನನಗೆ ಕಲಿಸುವ ದುರದೃಷ್ಟ ಅವಳ ಪಾಲಿಗೆ ಬಂದಿದೆ.

ಅದಿರಲಿ. ಮಹಾರಾಣಿಯವರ ಫೋನ್ ಏಕೆ ಬಾಯಿ ಬಿಡುತ್ತಿಲ್ಲ? ಹತ್ತು ದಿನದಿಂದ ಮಾಡಿ ಮಾಡಿ ಬೆರಳು ಸವೆಯಿತು. ಅದಕ್ಕೇ ಈ ಕಾಗದ.

ಚರಣದಾಸ,
ತರಲೆ

*

ಸೆಪ್ಟೆಂಬರ್ 15

ತರಲೆ,

ಕೆಲಸ ಸಿಕ್ಕಿದ್ದು ಸಂತೋಷ. ಕುರ್ಚಿಯ ಗಿಡ್ಡ ಕಾಲಿಗೆ ರಟ್ಟು ಮಡಚಿ ಇಡು. ಅಡ್ಡಬೀಳುವುದನ್ನು ಮನೆಗೆ ಬಂದಾಗ ಮಾಡು.

ಫೋನ್ ಬಕೆಟ್ಟಿಗೆ ಬಿತ್ತು. ರಿಪೇರಿಗೆ ಕೊಡಬೇಕು. ಅವಸರವೇನಿಲ್ಲ.

ಒಂದು ವಿಷಯ ಕೇಳಬೇಕಿತ್ತು. ನಮ್ಮಲ್ಲಿ ಒಬ್ಬ ನರ್ಸ್ ಇದ್ದಾಳೆ, ನಿನಗೆ ಗೊತ್ತಿಲ್ಲ. ಹೋದ ತಿಂಗಳು ವಯಸ್ಸಾದವರಿಗೆ ಫ್ಲೂ ಜ್ವರದ ಲಸಿಕೆ ಕೊಡುತ್ತಿದ್ದಾಗ ಅವಳ ಕೈಯಿಂದ ಹಾಕಿಸಿಕೊಂಡು ಹೋದವರೊಬ್ಬರು ಮರುದಿನ ಮಧ್ಯಾಹ್ನ ತೀರಿಕೊಂಡರು. ಊರಲ್ಲಿ ಫೋಟೋಗಳಿಗೆ ಫ್ರೇಮ್ ಹಾಕುವ ಅಂಗಡಿಯವರು. ಗಟ್ಟಿಯಾಗಿಯೇ ಇದ್ದರು. ನಿಯಮ ಇದೆಯಲ್ಲ, ಅವಳೇ ನಿಮ್ಮ ಕಚೇರಿಗೆ ವರದಿ ಬರೆದಳು. ಅಂದಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ.

ಅಂಥ ವರದಿ ಬಂದರೆ ನೀವು ಏನು ಮಾಡುತ್ತೀರಿ? ಯಾರ ಕೈಯಿಂದ ಆಯಿತು ಅಂತ ಬರೆದಿಡುತ್ತೀರಾ? ಅವಳಿಗೆ ಹೇಳಬೇಕು, ಅದಕ್ಕೆ.

ಅಮ್ಮನನ್ನು ಕೇಳಿದೆ ಅಂತ ಹೇಳು.

ಚಿಕ್ಕಮ್ಮ

*

ಸೆಪ್ಟೆಂಬರ್ 20

ಬಕೆಟ್‌ನಿಮಗ್ನ ಫೋನಿನ ಒಡತಿಗೆ,

ಆ ಸಿಸ್ಟರ್ ಅವರಿಗೆ ನನ್ನ ಕಚೇರಿಯ ಪರವಾಗಿ, ಯಾರೂ ನನಗೆ ಕೊಡದ ಅಧಿಕಾರದಿಂದ, ಈ ಕೆಳಗಿನಂತೆ ತಿಳಿಸತಕ್ಕದ್ದು.

ಊರಿನಲ್ಲಿ ಎಪ್ಪತ್ತು ದಾಟಿದವರನ್ನೆಲ್ಲ ಒಂದು ಸೋಮವಾರ ಸಾಲಾಗಿ ನಿಲ್ಲಿಸಿ ಒಂದೊಂದು ಬಿಸ್ಕತ್ತು ಕೊಡಿ. ಮುಂದಿನ ಸೋಮವಾರದೊಳಗೆ ಅವರಲ್ಲಿ ಒಬ್ಬಿಬ್ಬರು ಹೋಗಿಯೇ ಹೋಗುತ್ತಾರೆ. ಬಿಸ್ಕತ್ತು ಕೊಡದಿದ್ದರೂ ಹೋಗುವವರೇ. ಆದರೆ ಕೊಟ್ಟಿದ್ದರೆ ಮನೆಯವರಿಗೆ ಬಿಸ್ಕತ್ತೇ ನೆನಪಾಗುತ್ತದೆ. ನಾವು ಕೇಳುವುದು ಇಷ್ಟೇ: ತಿಂದವರಲ್ಲಿ, ತಿನ್ನದವರಿಗಿಂತ ಹೆಚ್ಚು ಜನ ಹೋದರೇ? ಹೆಚ್ಚಿದ್ದರೆ ಬಿಸ್ಕತ್ತಿನವನ ಕೊರಳಪಟ್ಟಿ ಹಿಡಿಯುತ್ತೇವೆ. ಹಾಗೆ ಹಿಡಿದದ್ದೂ ಇದೆಯಂತೆ. ಇಲ್ಲದಿದ್ದರೆ ಅವನನ್ನು ಅವನ ಪಾಡಿಗೆ ಬಿಡುತ್ತೇವೆ. ಮೇಡಂ ದಿನಕ್ಕೆ ನಾಲ್ಕು ಸಲ ಹೇಳುತ್ತಾರೆ, “ಆಮೇಲೆ ಆಯ್ತು ಅನ್ನು, ಅದರಿಂದ ಆಯ್ತು ಅನ್ಬೇಡ.”

ಯಾರ ಕೈ ಎಂದು ನಾವು ಬರೆದಿಡುವುದಿಲ್ಲ. ಇದು ಪೊಲೀಸ್ ಠಾಣೆಯಲ್ಲ. ವರದಿ ಮಾಡಿದವರ ಹೆಸರು ಇರುತ್ತದೆ, ಏನಾದರೂ ಕೇಳುವುದಿದ್ದರೆ ಕೇಳಲು, ಅಷ್ಟೇ.

ಹಾಗಾಗಿ ಸಿಸ್ಟರ್ ಮಹಾಶಯೆಗೆ ಹೇಳು, ಮೊದಲು ಊಟ. ಇಷ್ಟಕ್ಕೆಲ್ಲ ಊಟ ಬಿಡುವವರು ಸೂಜಿ ಹಿಡಿಯಲು ಬರಬಾರದಿತ್ತು, ಹೂವಿನಂಗಡಿ ಇಡಬಹುದಿತ್ತು. ಹೂವು ಬಾಡಿದರೆ ಯಾರೂ ವರದಿ ಬರೆಯುವುದಿಲ್ಲ. ನಮ್ಮ ಚಿಕ್ಕಮ್ಮನನ್ನು ನೋಡಿ ಕಲಿಯಲಿ, ಕಲ್ಲುಗುಂಡು.

ಅಮ್ಮ ನಿನ್ನ ಫೋನಿನ ಮೇಲೆ ನನಗಿಂತ ಹೆಚ್ಚು ಸಿಟ್ಟಾಗಿದ್ದಾಳೆ.

ತರಲೆ

*

ಅಕ್ಟೋಬರ್ 11

ಚಿಕ್ಕಮ್ಮ,

ಮೂರು ವಾರವಾಯಿತು, ನಿನ್ನಿಂದ ಕಾಗದವಿಲ್ಲ.

ಹೂವಿನಂಗಡಿ ಮಾತು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಬರೆಯುವಾಗ ಜಾಣತನ ಅನ್ನಿಸಿತ್ತು. ಆಮೇಲೆ ಓದಿಕೊಂಡರೆ ಕೆನ್ನೆಗೆ ಬಾರಿಸಿಕೊಳ್ಳಬೇಕು ಅನ್ನಿಸಿತು, ಬಾರಿಸಿಕೊಂಡೆ, ಮೆಲ್ಲಗೆ. ಕಲ್ಲುಗುಂಡು ಎಂದದ್ದನ್ನೂ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಯಾರೂ ಕಲ್ಲುಗುಂಡು ಆಗಬೇಕಾಗಿಲ್ಲ.

ಆ ಸಿಸ್ಟರ್ ಈಗ ಊಟ ಮಾಡುತ್ತಿದ್ದಾರಾ? ರಾತ್ರಿ ನಿದ್ದೆ ಬರುತ್ತಾ? ಅವರ ಜೊತೆ ಯಾರಾದರೂ ಇದ್ದಾರಾ, ಒಬ್ಬರೇ ಇದ್ದಾರಾ? ನೀನು ಅವರ ಹತ್ತಿರದಲ್ಲೇ ಇರುವುದರಿಂದ ಕೇಳುತ್ತಿದ್ದೇನೆ.

ಅಮ್ಮನಿಗೆ ಏನೂ ಹೇಳಿಲ್ಲ. ಹೇಳುವುದಕ್ಕೆ ಏನೂ ಇಲ್ಲವಲ್ಲ.

ನಾಲ್ಕು ಸಾಲು ಬರೆ. ಒಂದೇ ಬರೆದರೂ ಸರಿ.

ತರಲೆ

*

ಅಕ್ಟೋಬರ್ 19

ತರಲೆ,

ಬಿರುದುಗಳಿಲ್ಲದ ನಿನ್ನ ಕಾಗದ ನೋಡಿ ಯಾರೋ ಬೇರೆಯವರದು ಅಂದುಕೊಂಡೆ.

ಅವಳು ಒಬ್ಬಳೇ ಇದ್ದಾಳೆ. ಊಟ ಒಂದಿಷ್ಟು. ಲಸಿಕೆ ಕೋಣೆಗೆ ಹೋಗುತ್ತಿಲ್ಲ; ಕೈ ನಡುಗುತ್ತದೆ ಎಂದು ಹೇಳಿ ಔಷಧದ ಉಗ್ರಾಣಕ್ಕೆ ಹಾಕಿಸಿಕೊಂಡಿದ್ದಾಳೆ. ಬೆಳಗ್ಗೆಯಿಂದ ಸಂಜೆಯವರೆಗೆ ಹತ್ತಿ, ಬ್ಯಾಂಡೇಜು, ಸಿರಿಂಜಿನ ಪೆಟ್ಟಿಗೆ ಎಣಿಸುವುದು.

ನಿನ್ನ ಬಿಸ್ಕತ್ತನ್ನು ಅವಳಿಗೆ ಹೇಳಿದೆ. ಅದು ಒಬ್ಬರಾಗಿದ್ದರೆ ಸರಿ ಎಂದಳು. ಒಬ್ಬರಲ್ಲ.

ನಿಮ್ಮ ಕಚೇರಿಯವರು ವರದಿಗಳನ್ನು, ಹೆಸರು ತೆಗೆದು, ಎಲ್ಲರೂ ನೋಡುವ ಹಾಗೆ ಇಂಟರ್‌ನೆಟ್ಟಿನಲ್ಲಿ ಪಟ್ಟಿ ಹಾಕಿದ್ದೀರಲ್ಲ, ಅದನ್ನು ಅವಳು ಆಸ್ಪತ್ರೆಯ ಕಂಪ್ಯೂಟರಿನಲ್ಲಿ ತೆಗೆದಳು. ಆವತ್ತು ತಾನು ತೆರೆದ ಲಸಿಕೆ ಸೀಸೆಗಳ ಬ್ಯಾಚ್ ನಂಬರ್ ಹಾಕಿ ಹುಡುಕಿದಳು. ನಮ್ಮ ಜಿಲ್ಲೆ, ಅದೇ ಬ್ಯಾಚ್, ವಯಸ್ಸಾದ ಗಂಡಸು, ಸಾವು. ನಾಲ್ಕು ಸಾಲು ಇವೆ. ಆ ಬ್ಯಾಚ್ ನಮ್ಮ ಜಿಲ್ಲೆಗೆ ಬಂದದ್ದು ಒಂದೇ ಪೆಟ್ಟಿಗೆ, ಅದರಿಂದ ಕೊಟ್ಟವಳು ಅವಳೊಬ್ಬಳೇ.

ಅವಳಿಗೆ ಗೊತ್ತಿರುವುದು ಫ್ರೇಮ್ ಅಂಗಡಿಯವರು ಮಾತ್ರ. ಉಳಿದ ಮೂವರು ಯಾರು? ಆವತ್ತು ಸಾಲಿನಲ್ಲಿ ನಿಂತವರ ಮುಖಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳುತ್ತಾಳೆ. ತರಕಾರಿ ತರಲು ಹೋದಾಗ, ಬಸ್ಸಿಗೆ ಕಾಯುವಾಗ, ಅವರಲ್ಲಿ ಯಾರಾದರೂ ಎದುರಾದರೆ ‘ಸದ್ಯ, ಇವರು ಇದ್ದಾರೆ’ ಎಂದು ಒಬ್ಬರನ್ನು ಬಿಡುತ್ತಾಳೆ. ಮೊನ್ನೆ ಕೋಲೂರಿಕೊಂಡು ಬರುತ್ತಿದ್ದ ಒಬ್ಬರನ್ನು ನೋಡಿ ರಸ್ತೆಯಲ್ಲೇ ಅತ್ತುಬಿಟ್ಟಳು. ಅವರು ಪಾಪ, ತಮ್ಮಿಂದ ಏನೋ ತಪ್ಪಾಯಿತೆಂದು ಕ್ಷಮೆ ಕೇಳಿ ಹೋದರು.

ಈ ತಿಂಗಳ ಕೊನೆಗೆ ರಾಜೀನಾಮೆ ಕೊಡುತ್ತಾಳಂತೆ. ಬರೆದು ಚೀಲದಲ್ಲಿಟ್ಟುಕೊಂಡಿದ್ದಾಳೆ. ನಾನೂ ಬೇಡ ಅನ್ನಲಿಲ್ಲ.

ಚಿಕ್ಕಮ್ಮ

*

ಅಕ್ಟೋಬರ್ 23

ಚಿಕ್ಕಮ್ಮ,

ಇದನ್ನು ಆ ಸಿಸ್ಟರಿಗೆ ಓದಿ ಹೇಳು. ನಿಧಾನವಾಗಿ ಓದು. ತಿಂಗಳ ಕೊನೆಯೊಳಗೆ ತಲುಪಲಿ ಎಂದು ಹೆಚ್ಚಿನ ಅಂಚೆಚೀಟಿ ಹಚ್ಚಿದ್ದೇನೆ.

ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಸೈಕಲ್ ಸಮೇತ ಚರಂಡಿಗೆ ಬಿದ್ದದ್ದು ನೆನಪಿದೆಯಾ? ಮೊದಲು ಹಾಲಿನವರು ಬಂದು ಅಮ್ಮನಿಗೆ ಹೇಳಿದರು, ನಿಮ್ಮ ಹುಡುಗ ಸೇತುವೆ ಹತ್ತಿರ ಬಿದ್ದ ಎಂದು. ಆಮೇಲೆ ಟೈಲರ್, ಅವರ ಅಂಗಡಿ ಮುಂದೆ ಬಿದ್ದ ಎಂದು. ಆಮೇಲೆ ನಮ್ಮ ಟೀಚರ್, ಸ್ಕೂಲಿಗೆ ಬರುವ ದಾರಿಯಲ್ಲಿ ಎಂದು. ಕೊನೆಗೆ ಪಕ್ಕದ ಮನೆಯವರು, ಮೊನ್ನೆ ಬಿದ್ದನಂತಲ್ಲ ಎಂದು. ಅಮ್ಮ ಗೋಳೋ ಎಂದು ಅತ್ತಳು: “ನಾಲ್ಕು ಸಲ ಬಿದ್ದಿದ್ದಾನೆ, ಇವನಿಗೇನೋ ಕಾಯಿಲೆ.” ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಏರ್ಪಾಡೂ ಆಯಿತು. ನಾನಂತೂ ಸುಮ್ಮನಿದ್ದೆ, ಪ್ರತಿ ಸಲ ಬಿದ್ದದ್ದಕ್ಕೂ ಒಂದೊಂದು ಚಾಕೊಲೇಟ್ ಸಿಗುತ್ತಿತ್ತು.

ಆಗ ನೀನು ಡ್ಯೂಟಿ ಮುಗಿಸಿ ಬಂದೆ. ನನ್ನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಅಕ್ಕ, ಬಿದ್ದಿರೋದು ಒಂದೇ ಸಲ. ಗಾಯ ಒಂದೇ ಇದೆಯಲ್ಲ,” ಅಂದೆ.

ನಮ್ಮ ಕಚೇರಿಯ ಅರ್ಧ ಕೆಲಸ ಇದೇ ಚಿಕ್ಕಮ್ಮ. ಒಬ್ಬರಿಗೆ ಏನಾದರೂ ಆದರೆ ಸೂಜಿ ಹಾಕಿದ ನರ್ಸ್ ಬರೆಯುತ್ತಾರೆ. ಆಸ್ಪತ್ರೆಯ ಡಾಕ್ಟರು ಬರೆಯುತ್ತಾರೆ. ಮನೆಯವರು ಬರೆಯುತ್ತಾರೆ. ಔಷಧ ಕಂಪನಿಯವರಿಗೆ ಸುದ್ದಿ ಹೋದರೆ ಅವರೂ ಬರೆಯಲೇಬೇಕು, ಕಾನೂನಿದೆ. ಒಬ್ಬರಿಗೊಬ್ಬರು ಗೊತ್ತಿರುವುದಿಲ್ಲ. ಒಬ್ಬರು ವಯಸ್ಸು ತಪ್ಪು ಬರೆಯುತ್ತಾರೆ, ಇನ್ನೊಬ್ಬರು ತೀರಿಕೊಂಡ ದಿನದ ಜಾಗದಲ್ಲಿ ಬರೆದ ದಿನ ಹಾಕುತ್ತಾರೆ. ಯಂತ್ರಕ್ಕೆ ಅವು ಬೇರೆ ಬೇರೆ ಮನುಷ್ಯರು. ಅವನ್ನು ಪಕ್ಕಪಕ್ಕ ಇಟ್ಟು, ಇವು ಒಬ್ಬರದೇ ಎಂದು ಒಟ್ಟುಗೂಡಿಸುವ ತನಕ ಪಟ್ಟಿಯಲ್ಲಿ ಹಾಗೇ ಬೇರೆ ಬೇರೆ ನಿಂತಿರುತ್ತವೆ. ಕೆಲವು ಸಲ ತಿಂಗಳುಗಟ್ಟಲೆ, ರಾಶಿ ಅಷ್ಟಿದೆ.

ಆ ನಾಲ್ಕು ಸಾಲಿನ ಬಗ್ಗೆ ನಾನು ಒಂದಕ್ಷರ ಹೇಳುವಂತಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ, ಹೋಗಬೇಕಾದ್ದೂ ಹೌದು. ಆದರೆ ಪಟ್ಟಿ ಊರಿಗೆಲ್ಲ ತೆರೆದಿದೆ. ಸಿಸ್ಟರ್ ಇನ್ನೊಂದು ಸಲ ತೆಗೆದು ನೋಡಲಿ. ಸಾವು ಎನ್ನುವ ಖಾನೆ ಬಿಡಲಿ, ಅದನ್ನು ಸಾಕಷ್ಟು ನೋಡಿದ್ದಾರೆ. ಸಾಲಿನ ಉಳಿದ ಖಾನೆಗಳನ್ನು ಓದಲಿ. ವಯಸ್ಸು ಎಷ್ಟು ಹತ್ತಿರ ಇದೆ, ಲಸಿಕೆ ಕೊಟ್ಟ ದಿನ ಯಾವುದು, ಯಾವ ತೋಳಿಗೆ ಕೊಟ್ಟದ್ದು. ಹೇಳಿದವರನ್ನು ಬಿಟ್ಟು ಗಾಯ ಎಣಿಸಲಿ.

ಆಮೇಲೆ ಏನು ಕಂಡಿತೆಂದು ನನಗೆ ಬರೆಯಲಿ. ಅಂದರೆ, ನಿನ್ನ ಕೈಯಲ್ಲಿ ಬರೆಸಲಿ.

ತರಲೆ

*

ನವೆಂಬರ್ 2

ತರಲೆ,

ಗೆಳತಿ ಗಿಳತಿ ಯಾರೂ ಇಲ್ಲ. ನಿನಗೆ ಅದು ಯಾವತ್ತೋ ಗೊತ್ತಾಗಿದೆ. ಫೋನೂ ಬಕೆಟ್ಟಿಗೆ ಬಿದ್ದಿಲ್ಲ, ಕಪಾಟಿನಲ್ಲಿದೆ.

ನಾಲ್ಕೂ ಬಲತೋಳು.

ಸಾವಿರ ಜನರಿಗೆ ಹಾಕಿದರೆ ಒಂಬೈನೂರು ಜನ ಎಡತೋಳೇ ಕೊಡುವುದು. ಆವತ್ತು ನನ್ನ ಸಾಲಿನಲ್ಲಿ ಬಲತೋಳು ಕೊಟ್ಟ ಗಂಡಸು ಒಬ್ಬರೇ. ವಯಸ್ಸು ಒಂದರಲ್ಲಿ ಎಪ್ಪತ್ತು, ಎರಡರಲ್ಲಿ ಎಪ್ಪತ್ತೊಂದು, ಒಂದರಲ್ಲಿ ಖಾಲಿ. ಕೊಟ್ಟ ದಿನ ನಾಲ್ಕರಲ್ಲೂ ಒಂದೇ. ಉಗ್ರಾಣದಲ್ಲಿ ಕೂತು ಆ ಸಾಲುಗಳನ್ನು ಎಷ್ಟು ಸಲ ಓದಿದೆನೋ. ಆ ಮೂವರು ಇರಲೇ ಇಲ್ಲ. ಇಲ್ಲದವರಿಗಾಗಿ ಒಂದು ತಿಂಗಳು ಊರೆಲ್ಲ ಹುಡುಕಿದೆ. ಆವತ್ತು ರಾತ್ರಿ ನಿದ್ದೆ ಬಂತು.

ಅಲ್ಲಿಗೇ ನಿಂತಿದ್ದರೆ ಈ ಕಾಗದದಲ್ಲಿ ನಿನ್ನನ್ನು ಹೊಗಳುತ್ತಿದ್ದೆ.

ಮೊನ್ನೆ ತನಿಖೆಗೆ ಇಬ್ಬರು ಡಾಕ್ಟರು ಬಂದಿದ್ದರು. ಒಳ್ಳೆಯವರು, ಕೂರಿಸಿ ಮಾತಾಡಿದರು. ಪೋಸ್ಟ್‌ಮಾರ್ಟಂ ಆಗಿದೆ. ಹೃದಯದ ರಕ್ತನಾಳ ವರ್ಷಗಳಿಂದ ಕಟ್ಟಿಕೊಳ್ಳುತ್ತ ಬಂದಿತ್ತಂತೆ. “ಲಸಿಕೆಗೂ ಇದಕ್ಕೂ ಸಂಬಂಧ ಕಾಣ್ತಿಲ್ಲ ಸಿಸ್ಟರ್, ನೀವು ಧೈರ್ಯವಾಗಿರಿ,” ಅಂದರು.

ಹೃದಯ ಅನ್ನುತ್ತಲೇ ನನಗೆ ಆವತ್ತಿನ ಬೆಳಗ್ಗೆ ಕಣ್ಣಿಗೆ ಕಟ್ಟಿತು. ಅವರು ಎಡತೋಳಿನ ಅಂಗಿ ಮಡಚುತ್ತಿದ್ದವರು ನಿಲ್ಲಿಸಿ, “ಬಲತೋಳಿಗೆ ಕೊಡಿ ಸಿಸ್ಟರ್, ಎಡಭುಜ ಯಾಕೋ ಎಳೀತಾ ಇದೆ,” ಅಂದರು. ನಾನು ಏನು ಅಂದೆ ಗೊತ್ತಾ? “ಆಗ್ಲಿ ಬಿಡಿ, ಎರಡೂ ನಿಮ್ದೇ ಅಲ್ವಾ,” ಅಂದೆ. ಅವರು ನಕ್ಕರು. ನನ್ನ ಹಿಂದೆ ಸಾಲು ಬಾಗಿಲಾಚೆಗೂ ಇತ್ತು.

ಎಪ್ಪತ್ತು ವರ್ಷದವರು ಎಡಭುಜ ಎಳೆಯುತ್ತದೆ ಅಂದರೆ ಏನು ಕೇಳಬೇಕು ಅಂತ ಓದಿನ ಮೊದಲ ವರ್ಷದಲ್ಲೇ ಹೇಳಿಕೊಡುತ್ತಾರೆ ನಮಗೆ. ನಾನು ತೋಳು ಬದಲಾಯಿಸಿದೆ.

ನಾಲ್ಕನ್ನು ಒಂದು ಮಾಡಿಕೊಟ್ಟೆ ಕಣೋ ನೀನು. ಆ ಒಂದು ಉಳಿಯಿತು. ರಾಜೀನಾಮೆ ಇನ್ನೂ ಚೀಲದಲ್ಲೇ ಇದೆ. ತಿಂಗಳು ಕಳೆಯಿತು, ಆಸ್ಪತ್ರೆಯ ಮುಖ್ಯ ಡಾಕ್ಟರು ರಜೆಯಲ್ಲಿದ್ದಾರೆ. ಬಂದ ಮೇಲೆ ಕೊಡುತ್ತೇನೆ.

ಚಿಕ್ಕಮ್ಮ

*

ನವೆಂಬರ್ 6

ಚಿಕ್ಕಮ್ಮ,

ಇದಕ್ಕೆ ನನ್ನ ಹತ್ತಿರ ಬಿಸ್ಕತ್ತು ಇಲ್ಲ.

ಮೂರು ಸಲ ಬರೆದು ಹರಿದೆ. ಒಂದರಲ್ಲಿ ನಿನಗೆ ಸಮಾಧಾನ ಹೇಳಿದ್ದೆ, ಓದಿದರೆ ಅಂಗಡಿಯಲ್ಲಿ ಸಿಗುವ ಶುಭಾಶಯದ ಕಾರ್ಡಿನ ಹಾಗಿತ್ತು. ಸೂಜಿ ಆದಮೇಲೆ ಏನಾಯಿತು ಅಂತ ಕೇಳುವುದಕ್ಕೆ ನಮ್ಮಲ್ಲಿ ಇಪ್ಪತ್ತು ಖಾನೆ ಇವೆ. ನೀನು ಹೇಳುತ್ತಿರುವುದು ಅದಕ್ಕೆ ಮುಂಚಿನ ಅರ್ಧ ನಿಮಿಷ.

ಶನಿವಾರ ಬರಲಾ? ಸಮಾಧಾನ ಹೇಳುವುದಿಲ್ಲ. ಸುಮ್ಮನೆ ಕೂತು ಭಾನುವಾರದ ಬಸ್ಸಿಗೆ ವಾಪಸ್ ಬರುತ್ತೇನೆ. ನಾನು ಸುಮ್ಮನೆ ಕೂರಬಲ್ಲೆ ಎನ್ನುವುದಕ್ಕೆ ಈವರೆಗೆ ಯಾವ ಸಾಕ್ಷಿಯೂ ಇಲ್ಲ, ಒಪ್ಪುತ್ತೇನೆ.

ಬೇಡ ಅನ್ನುವುದಿದ್ದರೆ ಕಪಾಟಿನಲ್ಲಿರುವ ಫೋನು ತೆಗೆದು ಬೇಡ ಅನ್ನು. ತೆಗೆಯದಿದ್ದರೆ ಬರುತ್ತೇನೆ.

*

ನವೆಂಬರ್ 20

ತರಲೆ,

ನೀನು ನಿಜಕ್ಕೂ ಸುಮ್ಮನೆ ಕೂತಿದ್ದೆ. ನನಗೇ ಗಾಬರಿಯಾಗಿ, ಜ್ವರವೇನೋ ಎಂದು ನೀನು ಮಲಗಿದ ಮೇಲೆ ಹಣೆ ಮುಟ್ಟಿ ನೋಡಿದೆ. ಹೋಗುವಾಗ ಅಡುಗೆಮನೆ ನಲ್ಲಿ ರಿಪೇರಿ ಮಾಡಿದ್ದೀನಿ ಅಂದೆಯಲ್ಲ, ಮೊದಲು ತೊಟ್ಟಿಕ್ಕುತ್ತಿತ್ತು, ಈಗ ಹಾಡುತ್ತದೆ.

ಹೋದ ವಾರ ಮುಖ್ಯ ಡಾಕ್ಟರು ರಜೆಯಿಂದ ಬಂದರು. ಕಾಗದ ಕೊಟ್ಟುಬಿಡೋಣ ಎಂದು ಚೀಲ ಹಿಡಿದು ಹೊರಟೆ. ಅವರ ಕೋಣೆಗೆ ಹೋಗಬೇಕಾದರೆ ಲಸಿಕೆ ಕೋಣೆ ದಾಟಿಯೇ ಹೋಗಬೇಕು. ಹೊರಗಿನ ಬೆಂಚಿನ ಮೇಲೆ ಫ್ರೇಮ್ ಅಂಗಡಿಯವರ ಹೆಂಡತಿ ಕೂತಿದ್ದರು. ಬೈಯಲಿ, ಹೊಡೆಯಲಿ ಎಂದು ಹತ್ತಿರ ಹೋದೆ.

“ಸಿಸ್ಟರ್, ಮೂರು ಸಲ ಬಂದು ಹೋದೆ. ಎಲ್ಲಿ ಅಡಗಿದ್ರಿ? ನನಗೂ ಜ್ವರದ ಲಸಿಕೆ ಆಗ್ಬೇಕು. ನೀವೇ ಹಾಕ್ಬೇಕು.”

“ನಾನು ಈಗ ಹಾಕ್ತಿಲ್ಲಮ್ಮ. ಒಳಗೆ ಬೇರೆಯವರಿದ್ದಾರೆ, ಚೆನ್ನಾಗಿ ಹಾಕ್ತಾರೆ.”

“ಹಾಗಾದ್ರೆ ನಾನು ಮನೆಗೆ ಹೋಗ್ತೀನಿ.” ಏಳಲಿಲ್ಲ ಮಾತ್ರ. ಪಕ್ಕದ ಜಾಗ ತಟ್ಟಿ ತೋರಿಸಿದರು. ಕೂತೆ.

“ನೀವು ವರದಿ ಕೊಟ್ರಂತೆ. ನಾನೂ ಕೊಟ್ಟೆ. ನಿಮ್ಮ ಮೇಲೆ ಸಿಟ್ಟಿಟ್ಕೊಂಡೇ ಬರೆಯೋಕೆ ಕೂತೆ, ಸುಳ್ಳು ಯಾಕೆ ಹೇಳ್ಲಿ. ‘ಏನಾಯಿತು, ವಿವರಿಸಿ’ ಅಂತ ಒಂದು ಜಾಗ ಇತ್ತು. ಅವರು ಹೋದ್ಮೇಲೆ ಯಾರೂ ನನ್ನನ್ನ ಹಾಗೆ ಕೇಳಿರ್ಲಿಲ್ಲ. ಎಲ್ಲರೂ ‘ಊಟ ಆಯ್ತಾ’ ಅಂತ ಕೇಳೋರೇ. ಶುರು ಮಾಡ್ದೆ, ನಿಲ್ಲಿಸೋಕೇ ಆಗ್ಲಿಲ್ಲ. ಗಾಜು ಕೊಯ್ಯೋವಾಗ ನಾಲಿಗೆ ಹೊರಗೆ ಹಾಕ್ತಿದ್ರು. ಬೇರೆಯವರ ಮದುವೆ ಫೋಟೋ ಬಂದ್ರೆ, ‘ಇವಳಿಗಿಂತ ನೀನೇ ವಾಸಿ’ ಅಂತ ಕರೆದು ತೋರಿಸ್ತಿದ್ರು. ಅದೆಲ್ಲ ಬರೆದುಬಿಟ್ಟೆ. ಮುಗಿಯೋ ಹೊತ್ತಿಗೆ ಸಿಟ್ಟು ಎಲ್ಲಿ ಹೋಯ್ತೋ. ಅದನ್ನ ಯಾರಾದ್ರೂ ಓದ್ತಾರಾ ಸಿಸ್ಟರ್? ಇಲ್ಲ ಸುಮ್ನೆ ಯಂತ್ರದೊಳಗೆ ಹೋಗುತ್ತಾ?”

“ಓದ್ತಾರಮ್ಮ. ನಮ್ಮ ಹುಡುಗನೇ ಅಲ್ಲಿದ್ದಾನೆ,” ಅಂದೆ. ಅವರ ಮುಖ ನೋಡಬೇಕಿತ್ತು ನೀನು.

ಅಷ್ಟು ಹೊತ್ತಿಗೆ ನನ್ನಿಂದ ತಡೆಯಲಾಗಲಿಲ್ಲ. “ಅವರು ಎಡಭುಜ ಎಳೀತಿದೆ ಅಂದಿದ್ರು. ನಾನು ಕೇಳ್ಬೇಕಿತ್ತು. ಕೇಳ್ಲಿಲ್ಲ,” ಅಂದೆ.

ಅವರು ನನ್ನ ಕಡೆ ತಿರುಗಿ ಕೂತರು. ಆಮೇಲೆ ಹೇಳಿದರು:

“ನಿಮಗೆ ಒಂದು ಸಲ ಹೇಳಿದ್ರು. ನನಗೆ ಹದಿನೈದು ದಿನದಿಂದ ಹೇಳ್ತಿದ್ರು. ನಾನು ಮುಲಾಮು ತಿಕ್ಕಿದೆ. ಗಾಜು ಎತ್ತಿ ಎತ್ತಿ ಹಿಡ್ಕೊಂಡಿದೆ ಅಂತ ಅವರೂ ಅಂದ್ರು, ನಾನೂ ಅಂದೆ, ಮಗಳೂ ಅಂದ್ಲು. ಈಗ ಯಾರದ್ದು ಜಾಸ್ತಿ ತಪ್ಪು ಅಂತ ನಾವಿಬ್ರೂ ಇಲ್ಲೇ ಕೂತು ಜಗಳ ಆಡೋಣ್ವಾ, ಇಲ್ಲ ಸೂಜಿ ಹಾಕ್ತೀರಾ?”

ಹಾಕಿದೆ. ಅದಕ್ಕೂ ಮೊದಲು ಅವರಿಗೆ ಎಲ್ಲೆಲ್ಲಿ ನೋಯುತ್ತದೆ, ಯಾವಾಗಿನಿಂದ, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದಾ ಎಂದು ಎಷ್ಟು ಕೇಳಿದೆನೆಂದರೆ, ಹಿಂದಿದ್ದವರು ಗೊಣಗಿದರು. ಕೈ ನಡುಗಲಿಲ್ಲ. ಇರುವೆ ಕಚ್ಚಿದ ಹಾಗಷ್ಟೇ ಅಂದೆ. “ಚೆನ್ನಾಗಿ ಸುಳ್ಳು ಹೇಳ್ತೀರಿ ಸಿಸ್ಟರ್, ಸರಿಯಾಗೇ ನೋಯ್ತು,” ಅಂದರು. ಆಮೇಲೆ ಅರ್ಧ ಗಂಟೆ ನನ್ನ ಕಣ್ಣೆದುರಿಗೇ ಕೂರಿಸಿಕೊಂಡೆ. ಮರುದಿನ ಬೆಳಗ್ಗೆ, ಮಧ್ಯಾಹ್ನ, ಸಂಜೆ ಅವರ ಮನೆಗೆ ಹೋಗಿ ಬಂದೆ. ಮೂರನೇ ಸಲ ಬಾಗಿಲು ತೆಗೆದವರೇ, “ಇದ್ದೀನಿ, ಒಳಗೆ ಬನ್ನಿ,” ಅಂದರು.

ನಾನು ಮತ್ತೆ ಲಸಿಕೆ ಕೋಣೆಗೆ ಬಂದಿದ್ದೇನೆ. ಈಗ ಯಾರೇ ಬಲತೋಳು ಕೊಟ್ಟರೂ ಯಾಕೆ ಎಂದು ಕೇಳದೆ ಬಿಡುವುದಿಲ್ಲ. ನಿನ್ನೆ ಐವತ್ತರ ಗಂಡಸೊಬ್ಬರು ಎಡತೋಳು ಬೇಡವೇ ಬೇಡ ಅಂದರು. ಯಾಕೆ ಅಂದರೆ ಬೆವರುತ್ತಾರೆ, ಹೇಳುವುದಿಲ್ಲ. ಗಾಲಿಕುರ್ಚಿ ತರಿಸಿ ಇಸಿಜಿಗೆ ಕಳಿಸಿದೆ, ಹಿಂದೆಯೇ ಓಡಿದೆ. ಅಂಗಿ ಬಿಚ್ಚಿಸಿದ ಮೇಲೆ ಗೊತ್ತಾಯಿತು: ಎಡತೋಳಿನ ಮೇಲೆ ಒಂದು ಹೆಣ್ಣಿನ ಹೆಸರಿನ ಹಚ್ಚೆ. ಪಕ್ಕದಲ್ಲಿ ನಿಂತಿದ್ದ ಹೆಂಡತಿಯ ಹೆಸರು ಅದಲ್ಲ. ಹೃದಯ ಗಟ್ಟಿಯಾಗಿದೆ. ಈಗ ಹೇಗಿದ್ದಾರೋ ಗೊತ್ತಿಲ್ಲ.

ರಾಜೀನಾಮೆಯನ್ನು ಚೂರು ಮಾಡಿ, ಹಿಂಭಾಗದಲ್ಲಿ ಟೋಕನ್ ನಂಬರ್ ಬರೆದು ಲಸಿಕೆಗೆ ಬಂದ ಮಕ್ಕಳಿಗೆ ಹಂಚಿಬಿಟ್ಟೆ. ಕಾಗದ ಒಳ್ಳೆಯದಿತ್ತು.

ಒಂದು ಮಾತು ಹೇಳಲೇಬೇಕು. ನಮ್ಮ ಮನೆಯಲ್ಲಿ ನಿನ್ನ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುವುದಿಲ್ಲ ಎಂದು ಎಲ್ಲರೂ ಹೇಳುತ್ತೇವೆ. ಆ ನಾಲ್ಕೂ ಒಬ್ಬರದೇ ಎಂದು ಗೊತ್ತಿದ್ದೂ ಬಾಯಿ ಬಿಡದೆ, ನಾನೇ ಕಂಡುಕೊಳ್ಳುವ ಹಾಗೆ ದಾರಿ ತೋರಿಸಿದೆಯಲ್ಲ, ಅಷ್ಟು ಧೈರ್ಯದಿಂದ ‘ನೋಡಲಿ’ ಎಂದು ಬರೆದೆಯಲ್ಲ, ಅದನ್ನು ನೆನೆದಾಗೆಲ್ಲ ಇವನು ಯಾವಾಗ ದೊಡ್ಡವನಾದ ಅನ್ನಿಸುತ್ತದೆ. ಅಕ್ಕನಿಗೂ ಹೇಳಿದೆ. ಹೌದು, ಫೋನಿನಲ್ಲಿ.

ಚಿಕ್ಕಮ್ಮ

*

ನವೆಂಬರ್ 26

ಪುನಃಪ್ರತಿಷ್ಠಿತ ಸೂಚೀಸಿಂಹಾಸನಾಧೀಶ್ವರಿ, ಪ್ರಶ್ನಾಶತಕ ಪ್ರವೀಣೆ, ಗಾಲಿಕುರ್ಚಿ ಧಾವನಪಟು, ಪರಸ್ತ್ರೀನಾಮ ಹಚ್ಚೆಭಂಜನಿ, ಒಂದು ಸುಖಸಂಸಾರವನ್ನು ಇಸಿಜಿ ಕೋಣೆಯಲ್ಲಿ ನುಚ್ಚುನೂರು ಮಾಡಿಯೂ ಹೃದಯ ಗಟ್ಟಿಯಾಗಿದೆ ಎಂದು ಷರಾ ಬರೆದ ಕರುಣಾಳು ಚಿಕ್ಕಮ್ಮನವರ ಪಾದಾರವಿಂದಗಳಿಗೆ,

ತಮ್ಮ ಕಾಗದವನ್ನು ಓದಿ ಈ ಚರಣದಾಸನು ಕಚೇರಿಯಲ್ಲೇ ಒಂದು ಸುತ್ತು ಕುಣಿದನು. ಕುರ್ಚಿಯು ಈ ಸಲ ತಾನಾಗಿಯೇ ಬಿದ್ದಿತು. ಮೇಡಂ ನೋಡಿಯೂ ನೋಡದ ಹಾಗೆ ಹೋದರು.

ಫ್ರೇಮ್ ಅಂಗಡಿಯ ಅಮ್ಮನವರಿಗೆ ಹೇಳು, ಓದಿದ್ದಾರೆ ಎಂದು. ಯಾವ ವರದಿ ಅಂತ ನನಗೆ ಯಾರೂ ಹೇಳಿಲ್ಲ, ನಾನೂ ಕೇಳಿಲ್ಲ. ಆದರೆ ಅಕ್ಟೋಬರಿನಲ್ಲಿ ಒಂದು ದಿನ ಪಕ್ಕದ ಮೇಜಿನ ಅಕ್ಕ ಊಟಕ್ಕೆ ಏಳಲೇ ಇಲ್ಲ. ಹನ್ನೊಂದು ವರ್ಷದಲ್ಲಿ ಅವಳು ಊಟ ತಪ್ಪಿಸಿದ್ದು ಯಾರೂ ಕಂಡಿಲ್ಲ. “ಏನಕ್ಕಾ ಓದ್ತಿದ್ದೀಯ?” ಅಂದೆ. “ಒಂದು ಸಂಸಾರ,” ಅಂದಳು. ಕನ್ನಡಕ ತೆಗೆದು ಸೀರೆಗೆ ಒರೆಸಿ ಮತ್ತೆ ಹಾಕಿಕೊಂಡಳು. “ಖಾನೆಗೆ ಹೋಗೋದು ಮೂರೇ ಪದ ಕಣೋ. ಆದ್ರೆ ಪೂರ್ತಿ ಓದ್ದೆ ಹೇಗೆ ಬಿಡೋದು?”

ಈಗ ನಿನ್ನ ಹೊಗಳಿಕೆಯ ವಿಷಯ. ಅದನ್ನು ಕಟ್ಟುಹಾಕಿಸಿ ಗೋಡೆಗೆ ಹಾಕಬೇಕೆಂದಿದ್ದೆ. ಅಮ್ಮ ಆಗಲೇ ಇಡೀ ಬೀದಿಗೆ ಹೇಳಿದ್ದಾಳೆ. ಎರಡು ದಿನ ನಾನೂ ದೊಡ್ಡವನ ಹಾಗೆ ನಡೆದಾಡಿದೆ. ಮೂರನೇ ದಿನ ಆಗಲಿಲ್ಲ. ಕೇಳು.

ಅಕ್ಟೋಬರ್ ಮೊದಲ ವಾರ ಒಂದು ವರದಿ ನನ್ನ ಕಂಪ್ಯೂಟರಿಗೆ ಬಂತು. ಮೇಲೆ ವರದಿ ಮಾಡಿದವರ ಹೆಸರು. ನಿನ್ನದು. ನಾನು ಹೂವಿನಂಗಡಿ ಎಂದು ಬರೆದದ್ದು ಯಾರಿಗೆ ಎಂದು ಆಗ ಗೊತ್ತಾಯಿತು. ಅದರ ಕೆಳಗೆ ಒಂದು ಸಾಲೂ ಓದಲಿಲ್ಲ. ಎದ್ದು ಹೋಗಿ ಮೇಡಂಗೆ ಹೇಳಿದೆ, ಇದು ನಮ್ಮ ಚಿಕ್ಕಮ್ಮ ಎಂದು. “ಹೇಳಿದ್ದು ಒಳ್ಳೇದಾಯ್ತು. ಇನ್ನು ಇದರ ಕಡೆ ತಿರುಗೂ ನೋಡ್ಬೇಡ,” ಎಂದು ಅದನ್ನು ಪಕ್ಕದ ಮೇಜಿಗೆ ಕೊಟ್ಟರು. ಅಲ್ಲಿಗೆ ನನ್ನ ಪಾಲಿನ ತನಿಖೆ ಮುಗಿಯಿತು.

ಹಾಗಾಗಿ ನನ್ನ ಬಾಯಿಗೆ ಬೀಗ ಇರಲಿಲ್ಲ ಚಿಕ್ಕಮ್ಮ. ಒಳಗೆ ಏನೂ ಇರಲಿಲ್ಲ. ವಯಸ್ಸು, ದಿನ, ತೋಳು ಎಂದು ಬರೆದೆನಲ್ಲ, ಅದು ಹೊಸಬರಿಗೆ ಕೊಡುವ ಕೈಪಿಡಿಯ ಎರಡನೇ ಪುಟ. ಪಟ್ಟಿ ಊರಿಗೆಲ್ಲ ತೆರೆದಿದೆ ಎಂದು ನಿನಗೆ ಬರೆದವನು, ನಾನೂ ಮನೆಯಲ್ಲಿ ಕೂತು ತೆಗೆದು ನೋಡಬಹುದಿತ್ತು. ಬ್ಯಾಚ್ ನಂಬರ್ ಹಾಕುವ ಜಾಗದ ತನಕ ಹೋದೆ. ನೋಡಲು ಧೈರ್ಯ ಬರಲಿಲ್ಲ. ಮುಚ್ಚಿ, ಲಕೋಟೆ ಅಂಟಿಸಿ, ಓಡಿ ಹೋಗಿ ಪೆಟ್ಟಿಗೆಗೆ ಹಾಕಿಬಂದೆ.

ನಾಲ್ಕೂ ಬೇರೆ ಬೇರೆ ಆಗಿದ್ದರೆ ನಿನಗೆ ಏನು ಬರೆಯಬೇಕು ಎಂದು ನನಗೆ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ.

ತರಲೆ